ಬಿಟ್ಟು ಕಳಿಸಿದ ಮಕ್ಕಳ ಲೆಕ್ಕ ಯಾರಲ್ಲಿದೆ?

ರಾಜ್ಯದ ಪೊಲೀಸ್ ಠಾಣೆಗಳ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪ್ರತಿ ಠಾಣೆಯಲ್ಲೂ ನಿಮ್ಮಂಥ ಒಬ್ಬರಾದರೂ ಇರಬೇಕು, ಅವರ ದರ್ಜೆ ಎಎಸ್‌ಐಗಿಂತ ಕೆಳಗಿರಬಾರದು ಎಂದು 2015ರ ಬಾಲನ್ಯಾಯ ಕಾಯ್ದೆಯ 107ನೇ ಸೆಕ್ಷನ್ ಹೇಳುತ್ತದೆ. ಆದರೆ ಈ ಹೊಣೆ ನಿಮಗೆ ಒಂಟಿಯಾಗಿ ಬರುವುದಿಲ್ಲ. ಬೀಟ್, ಬಂದೋಬಸ್ತ್, ಸಮನ್ಸ್ ಜಾರಿ, ಗಣೇಶನ ಮೆರವಣಿಗೆ ಎಲ್ಲದರ ಮೇಲೆ ಇದೂ ಒಂದು ಎಂದು ಹೆಗಲಿಗೆ ಬೀಳುತ್ತದೆ. ಅದು ಗೊತ್ತಿದ್ದೂ ನಿಮ್ಮ ಮೇಲೆ ಇನ್ನೊಂದು ಕೆಲಸ ಹೇರಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಪೊಲೀಸನೂ ಅಲ್ಲ, ವಕೀಲನೂ ಅಲ್ಲ. ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಹಾಗಾಗಿ ನನ್ನ ಮಾತು ಸುತ್ತಿ ಬಳಸಿ ಲೆಕ್ಕದ ಪುಸ್ತಕಕ್ಕೇ ಬಂದು ನಿಲ್ಲುತ್ತದೆ.

ಹದಿನೈದರ ಹುಡುಗನೊಬ್ಬ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯನ್ನು ಚೀಲಕ್ಕೆ ತುಂಬಿ ಹೊತ್ತೊಯ್ದ ಎನ್ನಿ. ಇಲ್ಲವೇ ಬಸ್ ನಿಲ್ದಾಣದಲ್ಲಿ ಮೊಬೈಲ್ ಎಗರಿಸಿದ, ಜಾತ್ರೆಯಲ್ಲಿ ಹೊಡೆದಾಡಿದ. ಠಾಣೆಗೆ ದೂರು ಬಂತು. ಮುಂದೆ ಮೂರು ದಾರಿಗಳಿವೆ. ಎಫ್‌ಐಆರ್ ಹಾಕಬಹುದು. ಠಾಣಾ ದಿನಚರಿಯಲ್ಲಿ ಬರೆದು, ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ನಮೂನೆ 1ರಲ್ಲಿ ತುಂಬಿ ಬಾಲನ್ಯಾಯ ಮಂಡಳಿಗೆ ಕಳಿಸಬಹುದು. ಅಥವಾ ಅಪ್ಪನನ್ನು ಕರೆಸಿ, ಇಬ್ಬರಿಗೂ ಬುದ್ಧಿ ಹೇಳಿ, ಅಡಿಕೆ ವಾಪಸ್ ಕೊಡಿಸಿ ಮನೆಗೆ ಕಳಿಸಬಹುದು.

ಕಾನೂನು ಹೇಳುವುದು ನಡುವಿನ ದಾರಿ. 2016ರ ಮಾದರಿ ನಿಯಮಗಳ 8ನೇ ನಿಯಮದಂತೆ, ಘೋರ ಅಪರಾಧದ ಆರೋಪವಿದ್ದಾಗ ಅಥವಾ ದೊಡ್ಡವರ ಜತೆ ಸೇರಿ ಕೃತ್ಯ ಎಸಗಿದ ಆರೋಪವಿದ್ದಾಗ ಮಾತ್ರ ಮಗುವಿನ ಮೇಲೆ ಎಫ್‌ಐಆರ್. ಉಳಿದ ಎಲ್ಲದಕ್ಕೂ ದಿನಚರಿಯ ನಮೂದು ಮತ್ತು ಹಿನ್ನೆಲೆ ವರದಿ ಸಾಕು. ಸಾಮಾನ್ಯ ಕಳವಿಗೆ ಗರಿಷ್ಠ ಶಿಕ್ಷೆ ಮೂರು ವರ್ಷ. ಅಂದರೆ ಈ ಕಾಯ್ದೆಯ ಲೆಕ್ಕದಲ್ಲಿ ಅದು ಸಣ್ಣ ಅಪರಾಧ. ಅಂಥ ಪ್ರಕರಣವನ್ನು ಮಂಡಳಿ ಮೊದಲ ಹಾಜರಾತಿಯಲ್ಲೇ ಮುಗಿಸಿ ಮಗುವನ್ನು ಮನೆಗೆ ಕಳಿಸಬಹುದು. ಮಗುವಿನ ಅಥವಾ ಸಮಾಜದ ಹಿತಕ್ಕೆ ಬೇಕೆನಿಸದ ಹೊರತು ವಿಚಾರಣೆಗೆ ಎಳೆಯದೆ ಬೇರೆ ಕ್ರಮ ಹುಡುಕಬೇಕು ಎಂಬುದನ್ನು 3ನೇ ಸೆಕ್ಷನ್ ಕಾಯ್ದೆಯ ಮೂಲತತ್ವಗಳ ಪಟ್ಟಿಗೇ ಸೇರಿಸಿದೆ. ಜಗತ್ತಿನೆಲ್ಲೆಡೆ ಇದನ್ನು ಡೈವರ್ಷನ್ ಎನ್ನುತ್ತಾರೆ. ಇದೆಲ್ಲ ತರಬೇತಿಯಲ್ಲಿ ನೀವು ಕೇಳಿದ್ದೇ. ಈ ಪತ್ರವನ್ನು ನಿಮ್ಮ ಹೆಗಲ ಮೇಲಿಂದ ಓದುತ್ತಿರುವವರಿಗಾಗಿ ಬರೆದೆ.

ನನ್ನನ್ನು ಕಾಡುವುದು ಮೂರನೆಯ ದಾರಿ. ಅದರಿಂದ ಯಾರಿಗೂ ನಷ್ಟವಾದಂತೆ ಕಾಣುವುದಿಲ್ಲ. ದೂರುದಾರನಿಗೆ ಮಾಲು ಸಿಕ್ಕಿತು, ಅಪ್ಪನ ಮಾನ ಉಳಿಯಿತು, ನಿಮಗೂ ರೈಟರಿಗೂ ಅರ್ಧ ದಿನ ಉಳಿಯಿತು, ಹುಡುಗ ಮರುದಿನ ಶಾಲೆಗೆ ಹೋದ. ಅವನು ಮನೆಗೆ ಹೋದದ್ದಕ್ಕೆ ನನ್ನ ತಕರಾರಿಲ್ಲ, ಸಂತೋಷವೇ ಇದೆ. ತಕರಾರು ಇರುವುದು ಅವನು ಬಂದು ಹೋದ ಗುರುತು ಎಲ್ಲೂ ಉಳಿಯದಿರುವ ಬಗ್ಗೆ. ಗುರುತಿಲ್ಲದಿದ್ದರೆ, ಹೀಗೆ ಮನೆಗೆ ಹೋದವರು ಯಾರ ಮಕ್ಕಳು ಎಂದು ಕೇಳಲು ಬರುವುದಿಲ್ಲ. ಪಂಚಾಯಿತಿ ಸದಸ್ಯರ ಫೋನು ಬಂದ ಹುಡುಗ ಸಂಜೆಯೊಳಗೆ ಮನೆ ಸೇರಿದ. ಬೆಂಗಳೂರಿನ ಕಟ್ಟಡ ಕಾಮಗಾರಿಯ ಶೆಡ್ಡಿನಲ್ಲಿರುವ ರಾಯಚೂರಿನ ಕೂಲಿಯವರ ಹುಡುಗ ಅದೇ ತಪ್ಪಿಗೆ ವೀಕ್ಷಣಾಲಯ ಸೇರಿದ. ಹೀಗೇ ಆಗಿದೆ ಎಂದು ನಾನು ಆರೋಪಿಸುತ್ತಿಲ್ಲ. ಆಗಿಲ್ಲ ಎಂದು ತೋರಿಸಲು ನಿಮ್ಮ ಬಳಿಯೂ ಕಾಗದವಿಲ್ಲ.

ದೇಶದ ಮಟ್ಟದಲ್ಲೂ ಇದೇ ಕಥೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2021ರಲ್ಲಿ ಮಕ್ಕಳೇ ಆರೋಪಿಗಳಾದ 31,170 ಪ್ರಕರಣಗಳನ್ನೂ 2022ರಲ್ಲಿ 30,555 ಪ್ರಕರಣಗಳನ್ನೂ ಎಣಿಸಿತು. ಬ್ಯೂರೋ ಎಣಿಸುವುದು ದಾಖಲಾದ ಪ್ರಕರಣಗಳನ್ನು. ದಿನಚರಿಯಲ್ಲಿ ಬರೆದು ಮಂಡಳಿಗೆ ಕಳಿಸಿದ್ದು, ಬರೆಯದೆಯೇ ಮನೆಗೆ ಕಳಿಸಿದ್ದು ಆ ಸಂಪುಟಗಳಲ್ಲಿ ಕಾಣುವುದಿಲ್ಲ. ಹೀಗಾಗಿ ನಿಯಮದಂತೆ ನಡೆದು ಎಫ್‌ಐಆರ್ ಇಳಿಸಿದ ಜಿಲ್ಲೆಯೂ, ದೂರು ಕೊಡಲು ಬಂದವರನ್ನೇ ಸಾಗಹಾಕಿದ ಜಿಲ್ಲೆಯೂ ಪುಸ್ತಕದಲ್ಲಿ ಒಂದೇ ಥರ ಕಾಣುತ್ತವೆ. ಕಡಿಮೆಯಾದ 615 ಪ್ರಕರಣಗಳಿಗೆ ಯಾರ ಬೆನ್ನು ತಟ್ಟಬೇಕು ಎಂದು ಈ ಅಂಕಿಯಿಂದ ತಿಳಿಯುವುದಿಲ್ಲ.

ಲೆಕ್ಕವಿಟ್ಟು ಏನಾಗಬೇಕು ಎಂದು ಕೇಳಬಹುದು. ಲೆಕ್ಕವಿಟ್ಟ ಕಡೆಗಳಲ್ಲಿ ಏನು ಗೊತ್ತಾಯಿತು ಎಂದು ಹೇಳಿದರೆ ಅದೇ ಉತ್ತರವಾದೀತು.

ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಿಲಿಯಂ ಡೇವಿಡ್ಸನ್ ಮತ್ತು ಜತೆಗಾರರು 1970ರ ದಶಕದಿಂದ ಒಂದು ಕಾರ್ಯಕ್ರಮ ನಡೆಸಿದರು. ಸಿಕ್ಕಿಬಿದ್ದ ಹುಡುಗ ಹುಡುಗಿಯರಿಗೆ ತಲಾ ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಜೋಡಿಸುವುದು. ಆ ವಿದ್ಯಾರ್ಥಿ ವಾರಕ್ಕೆ ಆರರಿಂದ ಎಂಟು ಗಂಟೆ, ಒಟ್ಟು ಹದಿನೆಂಟು ವಾರ, ಮಗುವಿನ ಮನೆ, ಶಾಲೆ, ಓಣಿಗಳಲ್ಲೇ ಅದರ ಜತೆ ಓಡಾಡಬೇಕು. ಮನೆಯವರೂ ಮಗುವೂ ಪರಸ್ಪರ ಏನನ್ನು ಬದಲಿಸಿಕೊಳ್ಳಬೇಕು ಎಂದು ಒಪ್ಪಂದ ಮಾಡಿಸಬೇಕು. ಶಾಲೆ ಮತ್ತೆ ಸೇರಿಸಿಕೊಳ್ಳದಿದ್ದರೆ ಮಗುವಿನ ಪರವಾಗಿ ಹೋಗಿ ಮಾತಾಡಬೇಕು. ವಿದ್ಯಾರ್ಥಿಗೆ ಅದು ಕೋರ್ಸಿನ ಭಾಗ, ಅಂಕವೂ ಉಂಟು. ಇಷ್ಟೇ ಆಗಿದ್ದರೆ ಇದು ಸಾವಿರ ಒಳ್ಳೆಯ ಯೋಜನೆಗಳಲ್ಲಿ ಒಂದಾಗಿರುತ್ತಿತ್ತು. ಅವರು ಮಾಡಿದ ದೊಡ್ಡ ಕೆಲಸ ಬೇರೆ. ಯಾವ ಮಗುವಿಗೆ ಯಾವ ದಾರಿ ಎಂಬುದನ್ನು ಯಾರ ಇಷ್ಟಕ್ಕೂ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಿದರು. ಕೆಲವರು ಈ ಕಾರ್ಯಕ್ರಮಕ್ಕೆ, ಕೆಲವರು ಏನೂ ಮಾಡದೆ ನೇರ ಮನೆಗೆ, ಉಳಿದವರು ಎಂದಿನಂತೆ ನ್ಯಾಯಾಲಯಕ್ಕೆ. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದೊಳಗೆ ಮತ್ತೆ ತಪ್ಪಿಗೆ ಸಿಕ್ಕಿದವರು ಕಾರ್ಯಕ್ರಮದ ಗುಂಪಿನಲ್ಲಿ ನೂರಕ್ಕೆ 22, ಸುಮ್ಮನೆ ಮನೆಗೆ ಹೋದವರಲ್ಲಿ 32, ನ್ಯಾಯಾಲಯಕ್ಕೆ ಹೋದವರಲ್ಲಿ 34.

22ನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು 32 ಮತ್ತು 34ರ ಕಡೆಗೆ. ವಕೀಲರು, ಸಮನ್ಸು, ವಾಯಿದೆ, ನ್ಯಾಯಾಧೀಶರು ಎಲ್ಲ ಸೇರಿಯೂ ಏನನ್ನೂ ಮಾಡದಿರುವುದಕ್ಕಿಂತ ಮೇಲಾಗಲಿಲ್ಲ. ಆಂಥೊನಿ ಪೆಟ್ರೊಸಿನೊ ಮತ್ತು ಸಂಗಡಿಗರು 2010ರಲ್ಲಿ ಕ್ಯಾಂಪ್‌ಬೆಲ್ ಸಂಸ್ಥೆಗಾಗಿ ಇಂಥ 29 ಪ್ರಯೋಗಗಳನ್ನು, ಏಳು ಸಾವಿರಕ್ಕೂ ಹೆಚ್ಚು ಮಕ್ಕಳ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗಲೂ ಹೆಚ್ಚುಕಡಿಮೆ ಇದೇ ಚಿತ್ರ: ನ್ಯಾಯಾಲಯದ ಕ್ರಮದಿಂದ ತಪ್ಪು ಕಡಿಮೆಯಾಗಲಿಲ್ಲ, ಒಟ್ಟಾರೆ ನೋಡಿದರೆ ತುಸು ಹೆಚ್ಚಾಯಿತು. ಹಾಗೆಂದು ಡೈವರ್ಷನ್ ಹೆಸರಿನಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. 28 ಅಧ್ಯಯನಗಳನ್ನು ಕೂಡಿಸಿದ 2012ರ ಇನ್ನೊಂದು ವಿಶ್ಲೇಷಣೆಯಲ್ಲಿ ಡೈವರ್ಷನ್ ಕಾರ್ಯಕ್ರಮಗಳಿಂದ ಒಟ್ಟಾರೆ ಗಮನಾರ್ಹ ಲಾಭ ಕಾಣಲಿಲ್ಲ. ಕುಟುಂಬವನ್ನೇ ಕೂರಿಸಿಕೊಂಡು ಮಾಡಿದ ಕೆಲಸ ಮಾತ್ರ ಎದ್ದು ಕಂಡಿತು.

ಮಿಷಿಗನ್ನಿನ ಇನ್ನೊಂದು ಸಂಗತಿ ನಿಮಗೆ ನೇರವಾಗಿ ಸಂಬಂಧಿಸಿದ್ದು. ಒಂದು ಗುಂಪಿನಲ್ಲಿ ವಿದ್ಯಾರ್ಥಿಗಳ ಉಸ್ತುವಾರಿಯನ್ನು ವಿಶ್ವವಿದ್ಯಾಲಯದ ಬದಲು ನ್ಯಾಯಾಲಯದ ಸಿಬ್ಬಂದಿಗೆ ಕೊಟ್ಟು ನೋಡಿದರು. ಹೊರಗೆ ಕಂಡ ಲಾಭ ಅಲ್ಲಿ ಕಾಣಲಿಲ್ಲ. ಆದ್ದರಿಂದ ಠಾಣೆಯ ಮಹಡಿಯ ಮೇಲೆ ಆಪ್ತ ಸಮಾಲೋಚನಾ ಕೊಠಡಿ ಕಟ್ಟಿ, ಗೋಡೆಗೆ ಬಣ್ಣದ ಚಿತ್ರ ಬರೆಸುವುದಕ್ಕಿಂತ, ಧಾರವಾಡ, ಮೈಸೂರು ವಿಶ್ವವಿದ್ಯಾಲಯಗಳಲ್ಲಿ, ಮಂಗಳೂರಿನ ರೋಶನಿ ನಿಲಯದಲ್ಲಿ ಎಂಎಸ್‌ಡಬ್ಲ್ಯು ಓದುತ್ತ ಕ್ಷೇತ್ರಕಾರ್ಯಕ್ಕೆ ಜಾಗ ಹುಡುಕುವ ಮಕ್ಕಳ ಕಡೆ ನೋಡುವುದು ಲೇಸು. ಹುಡುಗ ಮತ್ತೆ ಮತ್ತೆ ನಿಮ್ಮ ಮೆಟ್ಟಿಲು ಹತ್ತುವಂತೆ ಮಾಡುವ ಕಾರ್ಯಕ್ರಮ ಅವನನ್ನು ಠಾಣೆಯಿಂದ ದೂರ ಇಟ್ಟಂತಾಗುವುದಿಲ್ಲ.

ಇನ್ನು, ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಒಳ್ಳೆಯದನ್ನೇ ಮಾಡುತ್ತದೆ ಎಂದು ನಂಬಿರುವವರು ಮ್ಯಾಸಚೂಸೆಟ್ಸಿನ ಕೇಂಬ್ರಿಜ್-ಸೋಮರ್‌ವಿಲ್ ಅಧ್ಯಯನದ ಕಥೆ ಕೇಳಬೇಕು. 1930ರ ದಶಕದ ಕೊನೆಯಲ್ಲಿ 506 ಹುಡುಗರನ್ನು ಆರಿಸಿ, ವಯಸ್ಸು, ಮನೆತನ, ಸ್ವಭಾವ ಹೊಂದುವಂತೆ ಜೋಡಿ ಮಾಡಿ, ನಾಣ್ಯ ಚಿಮ್ಮಿ ಪ್ರತಿ ಜೋಡಿಯಲ್ಲಿ ಒಬ್ಬನಿಗೆ ನೆರವು ಕೊಟ್ಟರು. ಮನೆಭೇಟಿ, ಪಾಠ, ವೈದ್ಯಕೀಯ ಸಹಾಯ, ಬೇಸಿಗೆ ಶಿಬಿರ, ವರ್ಷಗಟ್ಟಲೆ ನಡೆಯಿತು. ಮೂವತ್ತು ವರ್ಷಗಳಾದ ಮೇಲೆ ಜೋನ್ ಮೆಕ್‌ಕಾರ್ಡ್ ಎಂಬ ಅಪರಾಧಶಾಸ್ತ್ರಜ್ಞೆ ಅವರನ್ನೆಲ್ಲ ಹುಡುಕಿಕೊಂಡು ಹೋದರು. ನೆರವು ಪಡೆದಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಆ ಕಾರ್ಯಕ್ರಮದಿಂದ ತಮಗೆ ಒಳ್ಳೆಯದಾಯಿತು ಎಂದರು. ದಾಖಲೆಗಳು ಬೇರೆಯೇ ಹೇಳಿದವು. ಮತ್ತೆ ಮತ್ತೆ ಅಪರಾಧ, ಕುಡಿತ, ಮಾನಸಿಕ ಕಾಯಿಲೆ, ಬೇಗ ಸಾವು — ಇವುಗಳಲ್ಲಿ ನೆರವು ಪಡೆದ ಹುಡುಗರೇ ತಮ್ಮ ಜೋಡಿಗಳಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದರು. ಪುಂಡು ಹುಡುಗರನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದ ಬೇಸಿಗೆ ಶಿಬಿರಗಳು ಇದಕ್ಕೆ ಒಂದು ಕಾರಣವಿರಬಹುದು ಎಂಬ ಅನುಮಾನ ಮುಂದಿನ ವಿಶ್ಲೇಷಣೆಗಳಲ್ಲಿ ಗಟ್ಟಿಯಾಯಿತು.

ಈಗ ನಮ್ಮಲ್ಲಿ ಗುಂಪು ಸಮಾಲೋಚನಾ ಶಿಬಿರ ಮುಗಿದಾಗ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರಗಳನ್ನು ನೆನಪಿಸಿಕೊಳ್ಳಿ. "ತುಂಬಾ ಉಪಯುಕ್ತವಾಗಿತ್ತು" ಎಂದು ಎಲ್ಲರೂ ಬರೆದಿರುತ್ತಾರೆ. ಇಲಾಖೆಯ ವಾರ್ಷಿಕ ವರದಿಗೆ ಅದೇ ಪುರಾವೆ. ಜೋಡಿ ಹುಡುಗ ಏನಾದ ಎಂದು ನೋಡದಿದ್ದರೆ ಮ್ಯಾಸಚೂಸೆಟ್ಸಿನ ಕಾರ್ಯಕ್ರಮವೂ ಇವತ್ತಿಗೂ ಯಶಸ್ವಿ ಎಂದೇ ಅನ್ನಿಸಿಕೊಳ್ಳುತ್ತಿತ್ತು.

ಹೆದರಿಸಿದರೆ ಸರಿಹೋಗುತ್ತಾರೆ ಎಂಬ ಮಾತನ್ನಂತೂ ದಯವಿಟ್ಟು ಬಿಡಿ. ನ್ಯೂಜೆರ್ಸಿಯ ರಾವೆ ಜೈಲಿಗೆ ಹುಡುಗರನ್ನು ಕರೆದೊಯ್ದು ಜೀವಾವಧಿ ಕೈದಿಗಳಿಂದ ಬೆದರಿಸುವ ಕಾರ್ಯಕ್ರಮದ ಸಾಕ್ಷ್ಯಚಿತ್ರ 1978ರಲ್ಲಿ ಬಂದು ಆಸ್ಕರ್ ಪಡೆಯಿತು, ದೇಶವೆಲ್ಲ ಅದನ್ನು ನಕಲು ಮಾಡಿತು. ಚೀಟಿ ಎತ್ತಿ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ, ಜೈಲು ನೋಡಿ ಬಂದವರೇ ಹೆಚ್ಚು ತಪ್ಪು ಮಾಡಿದ್ದರು. ನಿಮ್ಮ 'ತೆರೆದ ಮನೆ' ಕಾರ್ಯಕ್ರಮ ಈ ಜಾತಿಯದಲ್ಲ. ಅಲ್ಲಿ ಶಾಲೆಯ ಮಕ್ಕಳು ಠಾಣೆ ಹೇಗೆ ನಡೆಯುತ್ತದೆ ಎಂದು ನೋಡಿ ಹೋಗುತ್ತಾರೆ. ಆದರೆ ತಪ್ಪು ಮಾಡಿದ ಹುಡುಗನಿಗೆ ಲಾಕಪ್ ತೋರಿಸಿ "ಇನ್ನೊಮ್ಮೆ ಬಂದರೆ ಇಲ್ಲೇ" ಎನ್ನುವುದು ಅದೇ ಜಾತಿ.

ಡೈವರ್ಷನ್ ಕಾರ್ಯಕ್ರಮ ಚೆನ್ನಾಗಿ ಬೇರೂರಿದ ಮೇಲೆ ಬರುವ ರೋಗವೊಂದಿದೆ. ಮೊದಲು ನೀವು ಗದರಿಸಿ ಕಳಿಸುತ್ತಿದ್ದ ಹುಡುಗನನ್ನು ಈಗ "ಹೇಗೂ ಸೌಲಭ್ಯವಿದೆಯಲ್ಲ" ಎಂದು ಹತ್ತು ವಾರದ ಸಮಾಲೋಚನೆಗೆ ಹಾಕುತ್ತೀರಿ. ಅವನು ಎರಡು ವಾರ ತಪ್ಪಿಸಿಕೊಳ್ಳುತ್ತಾನೆ, ಅದು ವರದಿಯಾಗುತ್ತದೆ, ವರದಿ ಮಂಡಳಿಗೆ ಹೋಗುತ್ತದೆ. ನ್ಯಾಯಾಲಯದಿಂದ ದೂರ ಇಡಲೆಂದು ಬೀಸಿದ ಬಲೆಗೆ ನ್ಯಾಯಾಲಯದ ಹತ್ತಿರವೂ ಸುಳಿಯದಿದ್ದವನು ಬೀಳುತ್ತಾನೆ. ಅಮೆರಿಕದವರು ಇದನ್ನು 1970ರ ದಶಕದಲ್ಲೇ ಕಂಡುಕೊಂಡರು. ಇದನ್ನು ಪತ್ತೆ ಹಚ್ಚುವ ದಾರಿ ಒಂದೇ: ಕಾರ್ಯಕ್ರಮಕ್ಕೆ ಸೇರಿದವರ ಸಂಖ್ಯೆ ಏರಿದಂತೆ ಮಂಡಳಿಯ ಮುಂದೆ ಹಾಜರಾಗುವವರ ಸಂಖ್ಯೆ ಇಳಿಯುತ್ತಿದೆಯೇ ನೋಡಬೇಕು. ಇಳಿಯದಿದ್ದರೆ ಹೊಸ ಮಕ್ಕಳನ್ನು ಹಿಡಿದು ತರುತ್ತಿದ್ದೇವೆ ಎಂದರ್ಥ.

ಅಳೆಯುವುದು ಏನನ್ನು ಎಂಬ ಪ್ರಶ್ನೆಗೂ ಬರೋಣ. "ಮತ್ತೆ ಸಿಕ್ಕಿಬಿದ್ದನೇ" ಎಂಬುದು ಹುಡುಗನ ನಡತೆಯಷ್ಟೇ ನಿಮ್ಮ ಬೀಟಿನ ಕಣ್ಣನ್ನೂ ಅಳೆಯುತ್ತದೆ. ಓಣಿಯಲ್ಲಿ ಏನೇ ಕಳವಾದರೂ ಮೊದಲು ಅವನ ಮನೆಗೇ ಪೇದೆ ಹೋದರೆ ಅವನು ಹೆಚ್ಚು ಸಲ ಸಿಕ್ಕುವುದು ಸಹಜ. ಹಾಗಾಗಿ ಅದೊಂದನ್ನೇ ನೆಚ್ಚಬಾರದು. ಆರು ತಿಂಗಳ ಮೇಲೆ ಶಾಲೆಯಲ್ಲಿದ್ದಾನೆಯೇ, ಎಸ್‌ಎಸ್‌ಎಲ್‌ಸಿಗೆ ಕೂತನೇ, ಐಟಿಐ ಸೇರಿದನೇ, ಮನೆಯಲ್ಲೇ ಮಲಗುತ್ತಿದ್ದಾನೆಯೇ ಎಂದು ಕೇಳಬೇಕು. ಅಡಿಕೆ ಕಳೆದುಕೊಂಡವರನ್ನೂ ಕೇಳಬೇಕು: ಮಾಲು ಬಂತೇ, ಕ್ಷಮೆ ಕೇಳಿದನೇ, ನಿಮಗೆ ನ್ಯಾಯ ಸಿಕ್ಕಿತು ಅನಿಸಿತೇ? ದೂರುದಾರರನ್ನು ಮರೆತ ಡೈವರ್ಷನ್ ಹೆಚ್ಚು ಕಾಲ ಬಾಳುವುದಿಲ್ಲ. ಮುಂದಿನ ಸಲ ಅವರು ಠಾಣೆಗೆ ಬರದೆ ಹುಡುಗನನ್ನು ಕಂಬಕ್ಕೆ ಕಟ್ಟುತ್ತಾರೆ.

ನೂರಕ್ಕೆ ತೊಂಬತ್ತೈದು ಮಕ್ಕಳು ಸರಿಹೋದರು ಎಂದು ಯಾರಾದರೂ ವರದಿ ತಂದರೆ, ಯಾರನ್ನು ಆರಿಸಿದಿರಿ ಎಂದು ಮೊದಲು ಕೇಳಿ. ಮೊದಲ ತಪ್ಪು, ಓದುವ ಹುಡುಗ, ಜತೆಗೆ ಬರುವ ತಾಯಿತಂದೆ, ಇಂಥವರನ್ನೇ ಆರಿಸಿದ್ದರೆ ಅವರಲ್ಲಿ ಬಹುಪಾಲು ಮಂದಿ ಯಾವ ಕಾರ್ಯಕ್ರಮವಿಲ್ಲದೆಯೂ ಸರಿಹೋಗುತ್ತಿದ್ದರು. ಚೀಟಿ ಎತ್ತುವುದು ಮಕ್ಕಳ ಬದುಕಿನ ಜತೆ ಜೂಜಾಡಿದಂತೆ ಎಂದು ನಿಮಗನ್ನಿಸಬಹುದು. ಆದರೆ ಖಾಸಗಿ ಶಾಲೆಗಳ ಶೇ 25ರ ಆರ್‌ಟಿಇ ಸೀಟುಗಳನ್ನು ಇದೇ ರಾಜ್ಯ ಲಾಟರಿಯಲ್ಲಿ ಹಂಚಿದೆ; ಬೇಡಿಕೆ ಹೆಚ್ಚಿ ಸೀಟು ಕಡಿಮೆಯಿದ್ದಾಗ ಅದೇ ನ್ಯಾಯ ಎಂದು ನಾವೆಲ್ಲ ಒಪ್ಪಿದೆವು. ಜಿಲ್ಲೆಯಲ್ಲಿ ಅರವತ್ತು ಮಕ್ಕಳಿದ್ದು ಜತೆಗಾರ ವಿದ್ಯಾರ್ಥಿಗಳು ಇಪ್ಪತ್ತೇ ಮಂದಿ ಇದ್ದರೆ, ಶಿಫಾರಸಿಗಿಂತ ಚೀಟಿಯೇ ನ್ಯಾಯ. ಅದೂ ಬೇಡವೆಂದರೆ ಈ ವರ್ಷ ಎರಡು ತಾಲ್ಲೂಕು, ಮುಂದಿನ ವರ್ಷ ಇನ್ನೆರಡು ಎಂದು ಸರದಿಯಲ್ಲಿ ಶುರುಮಾಡಿ. ಕಾಯುತ್ತಿರುವ ತಾಲ್ಲೂಕೇ ಹೋಲಿಕೆಗೆ ಒದಗುತ್ತದೆ.

ನಿಮ್ಮಲ್ಲಿ ಕೆಲವರು ಈ ಹೊತ್ತಿಗೆ ಒಂದು ಆಕ್ಷೇಪ ಎತ್ತಿರುತ್ತೀರಿ: ಬರೆದಿಟ್ಟರೆ ಹುಡುಗನಿಗೆ ಅದೇ ಕಳಂಕ, ಬರೆಯದಿರುವುದೇ ನಾವು ಅವನಿಗೆ ಮಾಡುವ ಉಪಕಾರ. ಈ ಪತ್ರಕ್ಕೆ ಬರಬಹುದಾದ ಅತಿ ಗಟ್ಟಿ ಉತ್ತರ ಇದು. ಠಾಣೆಯಲ್ಲಿ ಒಮ್ಮೆ ಬರೆದ ಹೆಸರು ಎಲ್ಲೆಲ್ಲಿಗೆ ಹರಿದುಹೋಗುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇವತ್ತಿನ ನಮೂದು ನಾಳೆ ರೂಢಿಗತ ಅಪರಾಧಿಗಳ ಎಂಒಬಿ ಪಟ್ಟಿಯ ದಾರಿ ಹಿಡಿಯುತ್ತದೆ, ಸ್ಥಳೀಯ ವರದಿಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಬೀಳುತ್ತದೆ. ಕಾಯ್ದೆಯ 74ನೇ ಸೆಕ್ಷನ್ ಮಗುವಿನ ಗುರುತು ಹೊರಗೆ ಬಿಡುವುದನ್ನು ಅಪರಾಧವೆನ್ನುತ್ತದೆ. 24ನೇ ಸೆಕ್ಷನ್ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು, ದಾಖಲೆಯನ್ನು ಅವಧಿ ಮುಗಿದ ಮೇಲೆ ನಾಶಮಾಡಬೇಕು ಎನ್ನುತ್ತದೆ. ಇಷ್ಟರಿಂದಲೇ ಭಯ ಹೋಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಅದಕ್ಕೇ ನಾನು ಕೇಳುತ್ತಿರುವ ಲೆಕ್ಕದಲ್ಲಿ ಹೆಸರಿಲ್ಲ. ಒಂದು ಕ್ರಮಸಂಖ್ಯೆ, ವಯಸ್ಸು, ಹುಡುಗನೋ ಹುಡುಗಿಯೋ, ಓದುತ್ತಿದ್ದಾನೋ ದುಡಿಯುತ್ತಿದ್ದಾನೋ, ಮನೆಮಾತು, ಸಮುದಾಯ, ಆರೋಪ ಏನು, ಏನು ತೀರ್ಮಾನವಾಯಿತು, ಯಾರು ಜತೆಗೆ ಬಂದಿದ್ದರು. ಸಂಖ್ಯೆಯನ್ನು ಹೆಸರಿಗೆ ಜೋಡಿಸುವ ಪುಸ್ತಕ ಠಾಣೆಯಲ್ಲಿ ಇರಕೂಡದು; ಅದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಬೀಗದೊಳಗೆ ಇರಲಿ.

ಪುಣೆಯ ವಿಷಯ ಎತ್ತದೆ ಮುಗಿಸಿದರೆ ನೀವೇ ಎತ್ತುತ್ತೀರಿ. 2024ರ ಮೇನಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಇಬ್ಬರು ಸತ್ತರು, ಮಂಡಳಿ ಮುನ್ನೂರು ಪದದ ಪ್ರಬಂಧ ಬರೆಯಲು ಹೇಳಿತು, ದೇಶವೇ ಕೆರಳಿತು. ಅಂದಿನಿಂದ ಮಕ್ಕಳ ಪರ ಏನು ಹೇಳಿದರೂ "ಪ್ರಬಂಧ ಬರೆಸುತ್ತೀರಾ?" ಎಂಬ ವ್ಯಂಗ್ಯ ತಪ್ಪಿದ್ದಲ್ಲ. ಅದು ಡೈವರ್ಷನ್ ಆಗಿರಲಿಲ್ಲ, ಜಾಮೀನಿನ ಷರತ್ತಾಗಿತ್ತು. ಆದರೆ ಜನರ ಸಿಟ್ಟಿನ ಮೂಲ ಪ್ರಬಂಧದಲ್ಲಿರಲಿಲ್ಲ ಎಂದು ನನ್ನ ಅಂದಾಜು. ಬಡವರ ಹುಡುಗನಾಗಿದ್ದರೆ ಹೀಗಾಗುತ್ತಿತ್ತೇ ಎಂಬ ಪ್ರಶ್ನೆಯಲ್ಲಿತ್ತು. ಆ ಪ್ರಶ್ನೆಗೆ ಅಂಕಿಅಂಶದಿಂದ ಉತ್ತರ ಕೊಡಬಲ್ಲ ಜಿಲ್ಲೆ ನಮ್ಮಲ್ಲಿ ಒಂದಾದರೂ ಇರಲಿ ಎಂದು ನನ್ನ ಆಸೆ.

ನಿಮ್ಮ ಜಿಲ್ಲೆಯ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಮುಖ್ಯಸ್ಥರು. ಇಬ್ಬರು ಸಮಾಜ ಕಾರ್ಯಕರ್ತರೂ ಅದರಲ್ಲಿರಬೇಕು. ಮುಂದಿನ ಸಭೆಯಲ್ಲಿ, ಮೇಲೆ ಹೇಳಿದ ಲೆಕ್ಕಕ್ಕೆ ಒಂದು ಪುಟದ ನಮೂನೆ ಮಾಡಿ ಅವರ ಮುಂದಿಡಿ. ಎಫ್‌ಐಆರ್ ಬೇಕಿಲ್ಲದ ಕಡೆ ಹಾಕಬೇಡಿ, ಬಾಯಿಮಾತಿನಲ್ಲಿ ಮುಗಿಸುವುದನ್ನೂ ಬಿಡಿ. ದಿನಚರಿ ಬರೆದು, ನಮೂನೆ 1 ತುಂಬಿ, ಮೊದಲ ಹಾಜರಾತಿಯಲ್ಲೇ ಮುಗಿಸಿಕೊಡಿ ಎಂದು ಮಂಡಳಿಯನ್ನು ಕೇಳಿ. ವರ್ಷದ ಕೊನೆಗೆ ಹೆಸರಿಲ್ಲದ ಆ ಪಟ್ಟಿಯನ್ನು ಸಾರ್ವಜನಿಕರ ಮುಂದಿಡಿ. ಅದನ್ನು ಕೂಡಿ, ಕಳೆದು, ಹೋಲಿಸಿ ಕೊಡಲು ಪ್ರತಿ ಜಿಲ್ಲೆಯ ಕಾಲೇಜಿನಲ್ಲೂ ನನ್ನಂಥ ಮೇಷ್ಟ್ರುಗಳಿದ್ದೇವೆ, ಸಂಭಾವನೆ ಬೇಡ. ನೀವು ಬರೆದಿಡಲು ಶುರುಮಾಡಿ, ಲೆಕ್ಕ ನಾವು ಮಾಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ